ದೊಡ್ಡ ಅಪ್‌ಡೇಟ್ ಬಂದಿದೆ: ಈಗಲೇ ಹಾಕಬೇಕಾ, ಸ್ವಲ್ಪ ಕಾಯಬೇಕಾ?

ಒಂದು ರಾತ್ರಿ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಮೂಡಿತು. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ ಅಂತ. ಒಂದು ವಾರದಿಂದ ಅದನ್ನು ಪಕ್ಕಕ್ಕೆ ಸರಿಸುತ್ತಲೇ ಇದ್ದೆ. ಅವತ್ತು ಸರಿ ಎಂದು ಒತ್ತಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಚೆನ್ನಾಗೇ ಇತ್ತು. ಬಣ್ಣ ಬದಲಾಗಿತ್ತು, ಮೆನು ಸ್ವಲ್ಪ ಆಚೀಚೆ ಆಗಿತ್ತು, ಅಷ್ಟೇ.

ಹನ್ನೊಂದು ಗಂಟೆಗೆ ನಲವತ್ತು ಪುಟದ ಒಂದು ದಾಖಲೆ ಸ್ಕ್ಯಾನ್ ಮಾಡಿ ಕಳಿಸಬೇಕಿತ್ತು. ಸ್ಕ್ಯಾನರ್‌ನ ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪ್‌ಗೆ ಮಾತ್ರ ಅದು ಕಾಣಲೇ ಇಲ್ಲ. ಕೇಬಲ್ ತೆಗೆದು ಹಾಕಿದೆ. ಬೇರೆ ಕಡೆ ಚುಚ್ಚಿ ನೋಡಿದೆ. ಎರಡು ಸಲ ರೀಸ್ಟಾರ್ಟ್ ಮಾಡಿದೆ. ಕೊನೆಗೆ ಸ್ಕ್ಯಾನರ್ ಕಂಪನಿಯ ಪುಟಕ್ಕೆ ಹೋದಾಗ ಉತ್ತರ ಸಿಕ್ಕಿತು: ನನ್ನ ಹಳೇ ಮಾದರಿಗೆ ಹೊಸ ಆವೃತ್ತಿಯಲ್ಲಿ ಓಡುವ ಡ್ರೈವರ್ (ಸ್ಕ್ಯಾನರ್ ಮತ್ತು ಕಂಪ್ಯೂಟರ್ ನಡುವೆ ಮಾತುಕತೆ ನಡೆಸುವ ಪ್ರೋಗ್ರಾಂ) ಇಲ್ಲ. ಅವತ್ತು ನಲವತ್ತು ಪುಟವನ್ನೂ ಕಿಟಕಿ ಪಕ್ಕ ಇಟ್ಟು, ಫೋನ್ ಕ್ಯಾಮೆರಾದಲ್ಲಿ ಒಂದೊಂದಾಗಿ ತೆಗೆದು ಕಳಿಸಿದೆ.

ಆ ಪುಟದಲ್ಲಿದ್ದ ಮಾಹಿತಿ ಹಿಂದಿನ ರಾತ್ರಿಯೂ ಅಲ್ಲೇ ಇತ್ತು. ನೋಡಲು ಎರಡು ನಿಮಿಷ ಸಾಕಿತ್ತು. ಯಾವ ಎರಡು ನಿಮಿಷ, ಏನನ್ನು ನೋಡಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಒಂದೇ ಹೆಸರು, ಎರಡು ಕೆಲಸ

ಅಪ್‌ಡೇಟ್ ವಿಷಯ ಬಂದರೆ ಜನ ಎರಡು ಗುಂಪಾಗುತ್ತಾರೆ. ಒಬ್ಬರು "ಬಂದ ತಕ್ಷಣ ಹಾಕಿಬಿಡಿ, ಇಲ್ಲಾಂದ್ರೆ ಹ್ಯಾಕ್ ಆಗುತ್ತೆ" ಅನ್ನುತ್ತಾರೆ. ಇನ್ನೊಬ್ಬರು "ನೆಟ್ಟಗೆ ಓಡ್ತಿರೋದನ್ನ ಯಾಕೆ ಮುಟ್ತೀರಿ" ಅನ್ನುತ್ತಾರೆ. ಇಬ್ಬರ ಮಾತಲ್ಲೂ ನಿಜ ಇದೆ. ಆದರೆ ಅವರು ಬೇರೆ ಬೇರೆ ಸಂಗತಿಯ ಬಗ್ಗೆ ಮಾತಾಡುತ್ತಿದ್ದಾರೆ. ಎರಡಕ್ಕೂ ನಾವು ಇಟ್ಟಿರುವ ಹೆಸರು ಒಂದೇ ಆದ್ದರಿಂದ ಗೊಂದಲ.

ಮೊದಲನೆಯದು ದುರಸ್ತಿ. ಮನೆಯ ಬೀಗ ಸಡಿಲ ಆಗಿದೆ. ಯಾರೋ ಬಂದು ಸರಿ ಮಾಡಿ ಹೋಗುತ್ತಾರೆ. ಗೋಡೆ, ಕಿಟಕಿ, ಸಾಮಾನು ಎಲ್ಲ ಇದ್ದಲ್ಲೇ ಇರುತ್ತದೆ. ಸುರಕ್ಷತಾ ಪ್ಯಾಚ್ ಅನ್ನುವುದು ಇದನ್ನೇ, ಅಂದರೆ ತೂತಿಗೆ ಹಾಕುವ ತೇಪೆ. ಎರಡನೆಯದು ಮನೆಯನ್ನೇ ಬದಲಾಯಿಸುವುದು. ಹೊಸ ಮನೆ ಚೆನ್ನಾಗೇ ಇರಬಹುದು. ಆದರೆ ಹಳೇ ಬೀರು ಹೊಸ ಬಾಗಿಲಲ್ಲಿ ಹಿಡಿಸುತ್ತದಾ, ಸ್ವಿಚ್ಚು ಎಲ್ಲಿದೆ, ಬೇಡ ಅನ್ನಿಸಿದರೆ ವಾಪಸ್ ಹೋಗಬಹುದಾ, ಇದನ್ನೆಲ್ಲ ಮೊದಲೇ ಕೇಳಿಕೊಳ್ಳಬೇಕು.

ನಾನು ಇಷ್ಟು ವರ್ಷದಲ್ಲಿ ಕಂಡುಕೊಂಡ ನಿಯಮ ಒಂದೇ. ದುರಸ್ತಿಯನ್ನು ಮುಂದೂಡಬೇಡಿ. ಮನೆ ಬದಲಾಯಿಸುವುದನ್ನು ಮುಂದೂಡಬಹುದು, ಆದರೆ ಹಳೇ ಮನೆಗೆ ದುರಸ್ತಿಯವರು ಬರುತ್ತಿರುವ ತನಕ ಮಾತ್ರ.

ಪರದೆ ಮೇಲೆ ಕಾಣುವುದು ಇವೆರಡರಲ್ಲಿ ಯಾವುದು ಅಂತ ಗುರುತಿಸುವುದು ಕಷ್ಟ ಅಲ್ಲ. ಐಫೋನ್ ಮತ್ತು ಮ್ಯಾಕ್‌ನಲ್ಲಿ ಮೊದಲ ಅಂಕಿ ನೋಡಿ. 18.3ರಿಂದ 18.3.1ಕ್ಕೆ ಹೋದರೆ ದುರಸ್ತಿ. 18ರಿಂದ 26ಕ್ಕೆ ಹೋದರೆ ಹೊಸ ಮನೆ. (ನಡುವಿನ ಅಂಕಿಗಳು ತಪ್ಪಿ ಹೋಗಿಲ್ಲ. ಆ್ಯಪಲ್ 2025ರಲ್ಲಿ ಎಣಿಕೆಯ ಕ್ರಮವನ್ನೇ ಬದಲಿಸಿ, ಎಲ್ಲದಕ್ಕೂ 26 ಅಂತ ಹೆಸರಿಟ್ಟಿತು.) ಆಂಡ್ರಾಯ್ಡ್ ಫೋನ್‌ನಲ್ಲಿ ಎರಡು ಬೇರೆ ಸಾಲು ಇರುತ್ತವೆ. ಒಂದು ಆಂಡ್ರಾಯ್ಡ್ ಆವೃತ್ತಿ, ಇನ್ನೊಂದು ಸುರಕ್ಷತಾ ಅಪ್‌ಡೇಟ್‌ನ ತಾರೀಕು. ತಾರೀಕು ಮಾತ್ರ ಮುಂದೆ ಹೋದರೆ ದುರಸ್ತಿ. ವಿಂಡೋಸ್‌ನಲ್ಲಿ ಪ್ರತಿ ತಿಂಗಳ ಎರಡನೇ ಮಂಗಳವಾರ ಬರುವುದು ದುರಸ್ತಿ. ಈ ಪದ್ಧತಿ 2003ರಿಂದ ನಡೆದು ಬಂದಿದೆ. 24ಎಚ್2, 25ಎಚ್2 ಅಂತ ಹೆಸರಿರುವುದು ಹೊಸ ಆವೃತ್ತಿ. ಅದರಲ್ಲೂ ಎಲ್ಲ ಒಂದೇ ತೂಕದ್ದಲ್ಲ. 24ಎಚ್2 ಒಳಗಿನಿಂದಲೇ ಬದಲಾದ ದೊಡ್ಡ ಆವೃತ್ತಿ. 25ಎಚ್2 ಅದರ ಮೇಲೇ ನಿಂತಿದೆ. 24ಎಚ್2 ಇರುವವರಿಗೆ ಅದು ಒಂದು ರೀಸ್ಟಾರ್ಟ್‌ನಲ್ಲಿ ಮುಗಿಯುವಷ್ಟು ಚಿಕ್ಕದು.

ದುರಸ್ತಿಯನ್ನು ಯಾಕೆ ಮುಂದೂಡಬಾರದು

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಪ್ಯಾಚ್ ಬಿಟ್ಟಿತು. ಕಂಪ್ಯೂಟರ್‌ಗಳು ಒಂದರೊಡನೊಂದು ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಇದ್ದ ತೂತು ಮುಚ್ಚುವ ಪ್ಯಾಚ್ ಅದು. ಅದೇ ವರ್ಷ ಮೇ 12ರಂದು ವಾನ್ನಾಕ್ರೈ ಎಂಬ ದುಷ್ಟ ಪ್ರೋಗ್ರಾಂ ಅದೇ ತೂತಿನಿಂದ ನುಗ್ಗಿತು. ಫೈಲ್‌ಗಳಿಗೆಲ್ಲ ಬೀಗ ಹಾಕಿ ಹಣ ಕೇಳಿತು. ಸುಮಾರು 150 ದೇಶಗಳ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳಿಗೆ ಕೊಟ್ಟಿದ್ದ ಸಮಯ ರದ್ದಾಯಿತು. ಪ್ಯಾಚ್ ಬಂದಿದ್ದಕ್ಕೂ ದಾಳಿ ಆಗಿದ್ದಕ್ಕೂ ನಡುವೆ 59 ದಿನ ಇತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಮೇಲೆ ಎಲ್ಲರೂ ಓಡಿ ಪ್ಯಾಚ್ ಹಾಕಿದರು.

ಈ ಕಥೆಯಲ್ಲಿ ಜನ ತಪ್ಪಾಗಿ ನೆನಪಿಟ್ಟುಕೊಳ್ಳುವ ಒಂದು ವಿಷಯ ಇದೆ. ಸಿಕ್ಕಿಬಿದ್ದವೆಲ್ಲ ತೀರಾ ಹಳೇ ವಿಂಡೋಸ್ ಎಕ್ಸ್‌ಪಿ ಇದ್ದ ಯಂತ್ರಗಳು ಅಂದುಕೊಳ್ಳುತ್ತಾರೆ. ನಿಜವಾಗಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳು. 2017ರಲ್ಲಿ ವಿಂಡೋಸ್ 7ಕ್ಕೆ ಎಂಟು ವರ್ಷ ಆಗುತ್ತಾ ಬಂದಿತ್ತು. ಆದರೂ ಅದಕ್ಕೆ ಪ್ರತಿ ತಿಂಗಳು ದುರಸ್ತಿ ಬರುತ್ತಿತ್ತು. ಈ ತೂತಿನ ಪ್ಯಾಚೂ ಬಂದಿತ್ತು. ಅದನ್ನು ಹಾಕಿಕೊಂಡವರು ಹಳೇ ವಿಂಡೋಸ್ 7ರಲ್ಲೇ ಇದ್ದು ಬಚಾವಾದರು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಳೇ ಮನೆಯಲ್ಲಿ ಇದ್ದದ್ದು ತಪ್ಪಾಗಿರಲಿಲ್ಲ. ಬೀಗ ಸರಿ ಮಾಡಿಸದೆ ಇದ್ದದ್ದು ತಪ್ಪಾಗಿತ್ತು.

ಪ್ಯಾಚ್ ಬಂದ ಮೇಲೆ ಅಪಾಯ ಕಡಿಮೆ ಆಗಬೇಕು ಅಲ್ವಾ? ಹಾಕಿಕೊಳ್ಳದವರಿಗೆ ಅದು ಜಾಸ್ತಿಯೇ ಆಗುತ್ತದೆ. ಯಾಕೆ ಅಂದರೆ, ಪ್ಯಾಚ್ ಎಲ್ಲರ ಕೈಗೂ ಸಿಗುತ್ತದೆ, ಕಳ್ಳರಿಗೂ ಸಿಗುತ್ತದೆ. ಅವರು ಹಳೇ ಫೈಲನ್ನೂ ಹೊಸ ಫೈಲನ್ನೂ ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಎಲ್ಲಿ ಬದಲಾಗಿದೆಯೋ ಅಲ್ಲೇ ತೂತು ಇತ್ತು ಅಂತ ಗೊತ್ತಾಗುತ್ತದೆ. ಇನ್ನೂ ಪ್ಯಾಚ್ ಹಾಕದ ಯಂತ್ರಗಳನ್ನು ಹುಡುಕಿಕೊಂಡು ಹೊರಡುತ್ತಾರೆ. ಆದ್ದರಿಂದ ಸಣ್ಣ ಅಪ್‌ಡೇಟ್ ಬಂದರೆ ಅದೇ ವಾರ ಹಾಕಿ. ತಾನಾಗೇ ಹಾಕಿಕೊಳ್ಳುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿಡಿ. ಇದರಲ್ಲಿ ಜಾಸ್ತಿ ಯೋಚನೆ ಬೇಡ.

ಯೋಚನೆ ಬೇಕಾಗುವುದು ದೊಡ್ಡದಕ್ಕೆ.

ಮೊದಲ ವಾರದಲ್ಲಿ ಏನಾಗುತ್ತದೆ

ಹೊಸ ಆವೃತ್ತಿಯನ್ನು ಕಂಪನಿಯವರು ತಿಂಗಳುಗಟ್ಟಲೆ ಪರೀಕ್ಷೆ ಮಾಡಿರುತ್ತಾರೆ. ಹಾಗಿದ್ದರೂ ತಪ್ಪು ಉಳಿಯುತ್ತದೆ. ಲೋಕದಲ್ಲಿ ಇರುವಷ್ಟು ಬಗೆಯ ಯಂತ್ರ, ಪ್ರಿಂಟರ್, ಪ್ರೋಗ್ರಾಂ, ಸೆಟ್ಟಿಂಗ್‌ಗಳ ಜೋಡಿಗಳನ್ನೆಲ್ಲ ಯಾವ ಪ್ರಯೋಗಾಲಯದಲ್ಲೂ ತಂದು ನಿಲ್ಲಿಸಲು ಆಗದು. ಕೆಲವು ತಪ್ಪುಗಳು ಲಕ್ಷಾಂತರ ಜನರ ಕೈಗೆ ಹೋದ ಮೇಲೇ ಹೊರಗೆ ಬರುತ್ತವೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಎಂಬ ಆವೃತ್ತಿ ಬಂತು. ಹಾಕಿಕೊಂಡ ಕೆಲವರು ಲಾಗಿನ್ ಆಗಿ ನೋಡಿದರೆ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿದ್ದ ಫೈಲ್‌ಗಳು ಮಾಯ. ವರ್ಷಗಟ್ಟಲೆಯ ಫೋಟೋಗಳೂ ಹೋಗಿದ್ದವು. ನಾಲ್ಕು ದಿನದೊಳಗೆ ಮೈಕ್ರೋಸಾಫ್ಟ್ ಆ ಆವೃತ್ತಿಯನ್ನು ತಡೆಹಿಡಿಯಿತು.

ಆಗಿದ್ದು ಇಷ್ಟು. ಸಿ ಡ್ರೈವ್‌ನಲ್ಲಿ ಜಾಗ ಕಡಿಮೆ ಆದಾಗ ಕೆಲವರು ಡಾಕ್ಯುಮೆಂಟ್ಸ್ ಫೋಲ್ಡರನ್ನು ಡಿ ಡ್ರೈವ್‌ಗೆ ಸ್ಥಳಾಂತರ ಮಾಡಿರುತ್ತಾರೆ. ವಿಂಡೋಸ್‌ಗೆ ಹಾಗಂತ ಹೇಳಿರುತ್ತಾರೆ. ಅಲ್ಲಿಂದ ಮುಂದೆ ಹೊಸ ಫೈಲ್‌ಗಳು ಡಿ ಡ್ರೈವ್‌ಗೆ ಹೋಗುತ್ತವೆ. ಆದರೆ ಸಿ ಡ್ರೈವ್‌ನಲ್ಲಿ ಹಳೇ ಫೋಲ್ಡರ್ ಹಾಗೇ ಉಳಿದಿರುತ್ತದೆ. ಎಷ್ಟೋ ಜನ ಹಳೇ ಫೈಲ್‌ಗಳನ್ನು ಅಲ್ಲಿಂದ ಎತ್ತಿಕೊಂಡಿರುವುದೇ ಇಲ್ಲ. ಇನ್ನು ಕೆಲವರಲ್ಲಿ ಆ ಹಳೇ ಫೋಲ್ಡರ್ ಖಾಲಿ ಬಿದ್ದಿರುತ್ತದೆ, ಒಂದೇ ಹೆಸರಿನ ಎರಡು ಫೋಲ್ಡರ್ ಕಾಣುತ್ತವೆ ಅಂತ ಮೊದಲು ದೂರು ಬಂದಿತ್ತು. ಅದಕ್ಕೆ 1809ರಲ್ಲಿ ಹಳೇ ಫೋಲ್ಡರನ್ನು ತೆಗೆದುಹಾಕುವ ಸಾಲುಗಳನ್ನು ಬರೆದರು. ಆ ಸಾಲುಗಳು ಫೋಲ್ಡರನ್ನು ತೆಗೆದುಹಾಕಿದವು, ಒಳಗೆ ಏನಾದರೂ ಇದೆಯಾ ಅಂತ ನೋಡಲಿಲ್ಲ.

ಇಂಥ ನಷ್ಟದ ದೂರು ಬಂದಿದ್ದು ಹಾಕಿಕೊಂಡ ಹತ್ತು ಸಾವಿರದಲ್ಲಿ ಒಬ್ಬರಷ್ಟು ಅಂತ ಕಂಪನಿ ಹೇಳಿತು. ಹತ್ತು ಸಾವಿರಕ್ಕೆ ಒಂದು ಅನ್ನುವುದು ಕೇಳಲು ಸಣ್ಣದು. ಆ ಒಬ್ಬರಿಗೆ ಮಾತ್ರ ಅದು ಪೂರ್ತಿ ನಷ್ಟ. ಪರೀಕ್ಷಾ ಆವೃತ್ತಿ ಬಳಸಿದ ಕೆಲವರು ಇದೇ ತೊಂದರೆಯನ್ನು ಮೊದಲೇ ಬರೆದು ತಿಳಿಸಿದ್ದರು. ಸಾವಿರಾರು ದೂರುಗಳ ನಡುವೆ ಅದು ಕಣ್ಣಿಗೆ ಬಿದ್ದಿರಲಿಲ್ಲ. ಸರಿಪಡಿಸಿದ ಆವೃತ್ತಿ ನವೆಂಬರ್ 13ರಂದು ಮತ್ತೆ ಬಂತು. ಆರು ವಾರ ಕಾದವರಿಗೆ ಈ ತೊಂದರೆ ಗೊತ್ತೇ ಆಗಲಿಲ್ಲ.

ಇನ್ನೊಂದನ್ನು ಬೇಗ ಹೇಳಿಬಿಡುತ್ತೇನೆ. 2014ರ ಸೆಪ್ಟೆಂಬರ್ 24ರಂದು ಬಂದ ಐಒಎಸ್ (ಐಫೋನ್‌ನ ವ್ಯವಸ್ಥೆ) 8.0.1 ಹಾಕಿದವರಲ್ಲಿ ಹಲವರ ಹೊಸ ಐಫೋನ್ 6ರಲ್ಲಿ ನೆಟ್‌ವರ್ಕೇ ಹೋಯಿತು. ಆ್ಯಪಲ್ ಅವತ್ತೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಮಾರನೇ ದಿನ 8.0.2 ಬಂತು. ಅದು ಸಣ್ಣ ಅಪ್‌ಡೇಟೇ ಆಗಿತ್ತು, ಆದ್ದರಿಂದ ದುರಸ್ತಿಯೂ ಒಮ್ಮೊಮ್ಮೆ ಕೆಡುತ್ತದೆ ಎಂದು ಒಪ್ಪಿಕೊಳ್ಳಬೇಕು. ಬಂದ ಗಂಟೆಯಲ್ಲೇ ಹಾಕದೆ ಎರಡು ಮೂರು ದಿನ ಬಿಟ್ಟು ಹಾಕಿದರೆ ಇದರಿಂದಲೂ ತಪ್ಪಿಸಿಕೊಳ್ಳಬಹುದು. ತೂತನ್ನು ಕಳ್ಳರು ಆಗಲೇ ಬಳಸುತ್ತಿದ್ದಾರೆ ಅಂತ ಕಂಪನಿಯೇ ಹೇಳಿದ್ದರೆ ಆ ಎರಡು ದಿನವೂ ಬೇಡ.

ದೊಡ್ಡದಕ್ಕೆ ಎಷ್ಟು ಕಾಯಬೇಕು? ಮೊದಲ ಚುಕ್ಕಿ ಆವೃತ್ತಿ ಬರುವ ತನಕ. ಅಂದರೆ 26 ಬಂದರೆ 26.1ರ ತನಕ. ಸಾಮಾನ್ಯವಾಗಿ ಒಂದರಿಂದ ಎರಡು ತಿಂಗಳು. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ವಿಂಡೋಸ್‌ನ ಬದಲಿಗೆ ಹಾಕಿಕೊಳ್ಳಬಹುದಾದ ಉಬುಂಟು ಲಿನಕ್ಸ್ ಎಂಬ ವ್ಯವಸ್ಥೆಯನ್ನು ತಯಾರಿಸುವವರು ಇದನ್ನೇ ಪದ್ಧತಿ ಮಾಡಿಕೊಂಡಿದ್ದಾರೆ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಅವರ ದೀರ್ಘ ಬಾಳಿಕೆಯ ಆವೃತ್ತಿ ಬರುತ್ತದೆ. ಹಿಂದಿನ ದೀರ್ಘ ಬಾಳಿಕೆಯ ಆವೃತ್ತಿಯಲ್ಲಿ ಇರುವವರಿಗೆ 'ಬನ್ನಿ' ಎಂಬ ಸೂಚನೆ ಕಾಣುವುದು ಮೊದಲ ಚುಕ್ಕಿ ಆವೃತ್ತಿ ಬಂದ ಮೇಲೆ. 24.04 ಬಂದಿದ್ದು 2024ರ ಏಪ್ರಿಲ್‌ನಲ್ಲಿ, 24.04.1 ಬಂದಿದ್ದು ಆಗಸ್ಟ್ ಕೊನೆಗೆ. ತಯಾರಿಸಿದವರೇ ತಮ್ಮ ಬಳಕೆದಾರರಿಗೆ ನಾಲ್ಕು ತಿಂಗಳು ಕಾಯಿರಿ ಅನ್ನುವಾಗ, ನಾವು ಆರು ವಾರ ಕಾದರೆ ಅದರಲ್ಲಿ ಅಂಜುಬುರುಕತನ ಏನೂ ಇಲ್ಲ.

ಎಷ್ಟು ದಿನ ಕಾಯಬಹುದು

ಕಾಯುವುದಕ್ಕೂ ಒಂದು ಕೊನೆ ದಿನ ಇದೆ. ನಿಮ್ಮ ಈಗಿನ ಆವೃತ್ತಿಗೆ ಸುರಕ್ಷತಾ ಪ್ಯಾಚ್ ನಿಲ್ಲುವ ದಿನ ಅದು. ವಿಂಡೋಸ್ ಎಕ್ಸ್‌ಪಿಗೆ ಅದು 2014ರ ಏಪ್ರಿಲ್ 8. ವಿಂಡೋಸ್ 7ಕ್ಕೆ 2020ರ ಜನವರಿ 14. 2015ರಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಮನೆ ಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರ ತನಕ ಪ್ಯಾಚ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತು. ವಿಂಡೋಸ್ 11ರಲ್ಲಿ ಒಂದೊಂದು ಆವೃತ್ತಿಗೂ ಮನೆ ಬಳಕೆಯವರಿಗೆ 24 ತಿಂಗಳು ಸಿಗುತ್ತದೆ. ಅಷ್ಟು ಸಮಯ ಇರುವಾಗ ಮೊದಲ ವಾರದಲ್ಲೇ ನುಗ್ಗುವ ಅವಸರ ಯಾಕೆ?

ಮ್ಯಾಕ್‌ನಲ್ಲಿ ಹೊಸದರ ಜೊತೆಗೆ ಹಿಂದಿನ ಎರಡು ಆವೃತ್ತಿಗಳಿಗೂ ಸಾಮಾನ್ಯವಾಗಿ ಪ್ಯಾಚ್ ಬರುತ್ತಿರುತ್ತದೆ. ಆದರೆ ಒಂದು ಮಾತನ್ನು ಆ್ಯಪಲ್ ತಾನೇ ಬರೆದಿಟ್ಟಿದೆ: ಗೊತ್ತಿರುವ ಎಲ್ಲ ತೂತುಗಳನ್ನೂ ಹಿಂದಿನ ಆವೃತ್ತಿಗಳಲ್ಲಿ ಮುಚ್ಚಲಾಗುವುದಿಲ್ಲ ಅಂತ. ಹಾಗಾಗಿ ಮ್ಯಾಕ್‌ನಲ್ಲಿ ಎರಡು ತಿಂಗಳು ಕಾಯುವುದು ಒಳ್ಳೇದು, ಎರಡು ವರ್ಷ ಕಾಯುವುದು ಒಳ್ಳೇದಲ್ಲ.

ಫೋನ್‌ನಲ್ಲಿ ಸಮಯ ಇನ್ನೂ ಕಡಿಮೆ. ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಹೊಸ ಆವೃತ್ತಿ ಬಂದ ಮೇಲೆ ಮುಂದಿನ ಪ್ಯಾಚ್‌ಗಳು ಅದರ ಮೇಲೇ ಬರುತ್ತವೆ. ದೊಡ್ಡದನ್ನು ಬೇಡ ಅಂದರೆ ಅದರ ಹಿಂದೆ ಸಾಲಾಗಿ ನಿಂತಿರುವ ಸಣ್ಣವೂ ಬರುವುದಿಲ್ಲ. ಆದ್ದರಿಂದ ಫೋನ್‌ನಲ್ಲಿ ಎರಡು ಮೂರು ವಾರ ಕಾದು, ಅದೇ ಮಾದರಿ ಇರುವವರ ಅನುಭವ ಕೇಳಿ, ಹಾಕಿಬಿಡಿ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂಬುದನ್ನು ಫೋನ್ ಕಂಪನಿಗಳು ಈಗ ಮೊದಲೇ ಹೇಳುತ್ತವೆ. ಗೂಗಲ್ ಪಿಕ್ಸೆಲ್ 8ಕ್ಕೂ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೂ 7 ವರ್ಷ ಅಂತ ಮಾತು ಕೊಟ್ಟಿದ್ದಾರೆ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಿಗೆ ಇಷ್ಟು ಸಿಗುವುದಿಲ್ಲ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮುಂಚೆ ನಾನು ಕೇಳುವುದು ಇದನ್ನು.

ವಾಪಸ್ ಬರುವ ದಾರಿ ಇದೆಯಾ

ತುಂಬಾ ಜನ ಇದನ್ನು ಕೇಳುವುದೇ ಇಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಇಷ್ಟ ಆಗದಿದ್ದರೆ ಹಳೇದಕ್ಕೆ ಹೋಗೋಣ ಬಿಡು ಅಂದುಕೊಂಡು ಒತ್ತಿಬಿಡುತ್ತೇವೆ. ಆ ದಾರಿ ಎಲ್ಲ ಕಡೆ ಇಲ್ಲ.

ವಿಂಡೋಸ್‌ನಲ್ಲಿ ಇದೆ, ಆದರೆ 10 ದಿನ ಮಾತ್ರ. ಅಪ್‌ಡೇಟ್ ಆಗುವಾಗ ಹಳೇ ವ್ಯವಸ್ಥೆಯನ್ನು 'ವಿಂಡೋಸ್.ಓಲ್ಡ್' ಎಂಬ ಫೋಲ್ಡರ್‌ಗೆ ಎತ್ತಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಎಂಬಲ್ಲಿ ಹೋದರೆ ಹಿಂದಕ್ಕೆ ಹೋಗುವ ಬಟನ್ ಇರುತ್ತದೆ. ಹತ್ತು ದಿನ ಆದ ಮೇಲೆ ಆ ಫೋಲ್ಡರ್ ತಾನಾಗೇ ಅಳಿಸಿಹೋಗುತ್ತದೆ. ಡಿಸ್ಕ್ ತುಂಬಿದೆ ಅಂತ ನೀವೇ ಎರಡನೇ ದಿನ ಅದನ್ನು ಅಳಿಸಿದರೆ ದಾರಿ ಅಲ್ಲಿಗೇ ಮುಚ್ಚುತ್ತದೆ.

ಐಫೋನ್‌ನಲ್ಲಿ ಹೀಗಿಲ್ಲ. ಯಾವ ಆವೃತ್ತಿಯನ್ನೇ ಹಾಕಿದರೂ ಅದಕ್ಕೆ ಆ್ಯಪಲ್‌ನ ಸರ್ವರ್ ಸಹಿ ಹಾಕಬೇಕು. ಹೊಸ ಆವೃತ್ತಿ ಬಂದು ಸ್ವಲ್ಪ ದಿನ ಆದ ಮೇಲೆ ಹಳೇದಕ್ಕೆ ಸಹಿ ಹಾಕುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಹಳೇ ಫೈಲ್ ನಿಮ್ಮ ಕೈಯಲ್ಲಿದ್ದರೂ ಫೋನ್ ಅದನ್ನು ಒಪ್ಪುವುದಿಲ್ಲ. ಅದರ ಜೊತೆಗೆ ಹೊಸ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ ಹಳೇ ಆವೃತ್ತಿಯ ಫೋನ್‌ಗೆ ಹಿಡಿಸುವುದಿಲ್ಲ. ಆದ್ದರಿಂದ ಅಪ್‌ಡೇಟ್ ಮಾಡುವ ಮುಂಚಿನ ಬ್ಯಾಕಪ್ಪೇ ಬೇಕು.

ಆಂಡ್ರಾಯ್ಡ್‌ನ ಹಲವು ಫೋನ್‌ಗಳಲ್ಲಿ ವ್ಯವಸ್ಥೆಯ ಎರಡು ಪ್ರತಿಗಳಿಗೆ ಜಾಗ ಇರುತ್ತದೆ. ಇದು 2016ರ ಆಂಡ್ರಾಯ್ಡ್ 7ರಿಂದ ಬಂದದ್ದು. ನೀವು ಫೋನ್ ಬಳಸುತ್ತಿರುವಾಗಲೇ ಹೊಸದು ಎರಡನೇ ಜಾಗದಲ್ಲಿ ಕೂರುತ್ತದೆ. ರೀಸ್ಟಾರ್ಟ್ ಆದಾಗ ಹೊಸದು ಏಳದಿದ್ದರೆ ಫೋನ್ ತಾನಾಗೇ ಹಳೇದರಿಂದ ಎದ್ದು ಬರುತ್ತದೆ. ಇದು ಫೋನ್ ಸಾಯದಂತೆ ಕಾಪಾಡುವ ಏರ್ಪಾಡು. ಎದ್ದ ಮೇಲೆ ನಿಮಗೆ ಇಷ್ಟ ಆಗಲಿಲ್ಲ ಅಂದರೆ ಅದು ಸಹಾಯಕ್ಕೆ ಬರುವುದಿಲ್ಲ. ಹಿಂದಕ್ಕೆ ಹೋಗಲು ಬಿಟ್ಟರೂ ಫೋನ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಮ್ಯಾಕ್‌ನಲ್ಲಿ ಸಾಧ್ಯ, ಆದರೆ ಡಿಸ್ಕ್ ಪೂರ್ತಿ ಅಳಿಸಿ ಮತ್ತೆ ಕಟ್ಟಿಕೊಳ್ಳಬೇಕು. ಒಂದು ದಿನದ ಕೆಲಸ.

ವಾಪಸ್ ಬರುವ ದಾರಿ ಕಿರಿದಾದಷ್ಟೂ ಮೊದಲಿನ ತಯಾರಿ ಜಾಸ್ತಿ ಬೇಕು.

ಯಾವುದು ನಿಂತರೆ ನಿಮ್ಮ ಕೆಲಸ ನಿಲ್ಲುತ್ತದೆ

ಸ್ಕ್ಯಾನರ್ ಯಾಕೆ ನಿಂತಿತು ಅಂತ ಆಮೇಲೆ ಅರ್ಥ ಮಾಡಿಕೊಂಡೆ. ಪ್ರಿಂಟರ್, ಸ್ಕ್ಯಾನರ್, ಮೈಕ್‌ನ ಪೆಟ್ಟಿಗೆ ಇವು ನೇರವಾಗಿ ಕಂಪ್ಯೂಟರ್ ಜೊತೆ ಮಾತಾಡುವುದಿಲ್ಲ. ನಡುವೆ ಡ್ರೈವರ್ ಎಂಬ ದುಭಾಷಿ ಇರುತ್ತಾನೆ. ದೊಡ್ಡ ಅಪ್‌ಡೇಟ್‌ನಲ್ಲಿ ಕಂಪ್ಯೂಟರಿನ ಭಾಷೆ ಒಳಗೆ ಬದಲಾಗುತ್ತದೆ. ದುಭಾಷಿಯೂ ಹೊಸದು ಕಲಿಯಬೇಕು. ಕಲಿಸಬೇಕಾದವರು ಆ ಸ್ಕ್ಯಾನರ್ ಮಾಡಿದ ಕಂಪನಿಯವರು. ಹತ್ತು ವರ್ಷದ ಹಿಂದೆ ಮಾರಿದ ಯಂತ್ರಕ್ಕೆ ಅವರು ಮತ್ತೆ ಕೆಲಸ ಮಾಡದಿದ್ದರೆ ಯಂತ್ರ ಗಟ್ಟಿಮುಟ್ಟಾಗಿದ್ದೂ ಕೆಲಸಕ್ಕೆ ಬಾರದೆ ಹೋಗುತ್ತದೆ.

ಪ್ರೋಗ್ರಾಂಗಳಿಗೂ ಹೀಗೇ ಆಗುತ್ತದೆ. 2019ರ ಅಕ್ಟೋಬರ್‌ನಲ್ಲಿ ಮ್ಯಾಕ್‌ಗೆ ಕ್ಯಾಟಲೀನಾ ಎಂಬ ಆವೃತ್ತಿ ಬಂದಾಗ 32 ಬಿಟ್ ಎಂಬ ಹಳೇ ಬಗೆಯ ಪ್ರೋಗ್ರಾಂಗಳು ಒಂದೇ ಸಲಕ್ಕೆ ಓಡುವುದನ್ನು ನಿಲ್ಲಿಸಿದವು. ಅದಕ್ಕೂ ಎರಡು ವರ್ಷ ಮೊದಲು ಐಒಎಸ್ 11ರಲ್ಲಿ ಫೋನ್‌ಗೂ ಇದೇ ಆಗಿತ್ತು. ಹೀಗಾಗುತ್ತದೆ ಅಂತ ಆ್ಯಪಲ್ ಮುಂಚೆಯೇ ಹೇಳಿತ್ತು. ಆದರೆ ತಾನು ದಿನಾ ಬಳಸುವ ಪ್ರೋಗ್ರಾಂ 32 ಬಿಟ್ಟೋ 64 ಬಿಟ್ಟೋ ಅಂತ ಯಾರಿಗೆ ಗೊತ್ತಿರುತ್ತದೆ?

ಈಗ ನಾನು ಮಾಡುವುದು ಇಷ್ಟೇ. ಒಂದು ಹಾಳೆ ತೆಗೆದುಕೊಳ್ಳುತ್ತೇನೆ. ಯಾವುದು ನಿಂತರೆ ನಾಳೆ ನನ್ನ ಕೆಲಸ ನಿಲ್ಲುತ್ತದೋ ಅದನ್ನು ಬರೆಯುತ್ತೇನೆ. ಕಳೆದ ಸಲ ನಾಲ್ಕು ಹೆಸರು ಬಂದವು: ಸ್ಕ್ಯಾನರ್, ಲೆಕ್ಕದ ಪ್ರೋಗ್ರಾಂ, ಬ್ಯಾಂಕಿನ ಆ್ಯಪ್, ಆಫೀಸಿನ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ಪ್ರೋಗ್ರಾಂ). ಉಳಿದದ್ದು ಕೆಟ್ಟರೆ ಬೇಸರ ಆಗುತ್ತದೆ, ಕೆಲಸ ನಿಲ್ಲುವುದಿಲ್ಲ. ಆ ನಾಲ್ಕನ್ನೂ ಮಾಡಿದವರ ಪುಟಕ್ಕೆ ಹೋಗಿ ಹೊಸ ಆವೃತ್ತಿಯ ಹೆಸರು ಅಲ್ಲಿದೆಯಾ ಅಂತ ನೋಡುತ್ತೇನೆ. ಮೊದಲು ಹೇಳಿದ ಎರಡು ನಿಮಿಷ ಇವೇ. ಒಂದಕ್ಕೆ 'ಇನ್ನೂ ಇಲ್ಲ' ಎಂದಿದ್ದರೂ ಕಾಯುತ್ತೇನೆ. ಆಫೀಸಿನ ಯಂತ್ರ ಆದರೆ ಕೇಳದೆ ಮುಟ್ಟುವುದೇ ಇಲ್ಲ.

ಆ ಹಾಳೆಯಲ್ಲಿ ಬರೆಯಲು ಮರೆಯುವ ಒಂದು ಸಾಲು ಇದೆ. ಆ ಸಾಧನವನ್ನು ಬಳಸುವವರು ಯಾರು? ಅಮ್ಮನ ಫೋನ್‌ಗೆ ಒಮ್ಮೆ ಅವಳು ಮಲಗಿದ್ದಾಗ ಹೊಸ ಆವೃತ್ತಿ ಹಾಕಿ ಊರಿಗೆ ಹೊರಟುಬಿಟ್ಟೆ. ಎರಡು ದಿನ ಅವಳು ಫೋನ್ ಎತ್ತಲಿಲ್ಲ. ಗಾಬರಿಯಾಗಿ ಪಕ್ಕದ ಮನೆಯವರಿಗೆ ಫೋನ್ ಮಾಡಿದೆ. ಆಗಿದ್ದು ಏನೆಂದರೆ, ಮೊದಲು ಹಸಿರು ಗುಂಡಿ ಮುಟ್ಟಿದರೆ ಕರೆ ತೆಗೆದುಕೊಳ್ಳುತ್ತಿತ್ತು. ಈಗ ಅದನ್ನು ಎಳೆಯಬೇಕಿತ್ತು. ಅವಳು ಮುಟ್ಟುತ್ತಾ ಇದ್ದಳು, ಕರೆ ಕಟ್ ಆಗುತ್ತಾ ಇತ್ತು. "ಫೋನ್ ಹಾಳಾಯ್ತು ಕಣೋ, ನಾನೇ ಏನೋ ಒತ್ತಿಬಿಟ್ಟೆ" ಅಂದಳು. ಅವಳ ತಪ್ಪು ಏನೂ ಇರಲಿಲ್ಲ. ಅವತ್ತಿನಿಂದ ಹಿರಿಯರ ಫೋನ್‌ಗೆ ದೊಡ್ಡ ಅಪ್‌ಡೇಟ್ ಹಾಕುವುದಾದರೆ ಜೊತೆಯಲ್ಲಿ ಎರಡು ದಿನ ಇರುವಾಗಲೇ ಹಾಕುತ್ತೇನೆ. ಹಾಕಿದ ಮೇಲೆ ಪಕ್ಕದಲ್ಲೇ ಕೂತು ಹತ್ತು ಸಲ ಕರೆ ಮಾಡಿ ತೋರಿಸುತ್ತೇನೆ.

ಹಳೇ ಯಂತ್ರ ಇದ್ದರೆ

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನದು ಅಥವಾ ಆಮೇಲಿನದು ಇರಬೇಕು. ಇಲ್ಲದ ಯಂತ್ರಕ್ಕೂ ಅಡ್ಡದಾರಿಯಲ್ಲಿ ಹಾಕುವ ಉಪಾಯಗಳು ಓಡಾಡುತ್ತಿವೆ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಸಿಗುವ ಖಾತರಿ ಇಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಪ್ಯಾಚ್ ಸಿಗಲಿ ಅಂತಲೇ ಹೊಸ ಆವೃತ್ತಿಗೆ ಹೋಗಿ, ಅಲ್ಲಿ ಪ್ಯಾಚ್ ಸಿಗುವುದು ಅನುಮಾನ ಆದರೆ ಹೋಗಿದ್ದರಲ್ಲಿ ಏನು ಬಂತು? ಅಂಥ ಯಂತ್ರಕ್ಕೆ ಲಿನಕ್ಸ್ ಹಾಕುವುದು ನನಗೆ ಇನ್ನೂ ಒಳ್ಳೇ ದಾರಿ ಅನ್ನಿಸುತ್ತದೆ.

ಅಪ್‌ಡೇಟ್ ಹಾಕಿದ ಮೇಲೆ ಹಳೇ ಫೋನ್ ನಿಧಾನ ಆಯಿತು ಅನ್ನುವ ದೂರು ಪೂರ್ತಿ ಸುಳ್ಳಲ್ಲ. 2017ರ ಆರಂಭದ ಐಒಎಸ್ 10.2.1, ಬ್ಯಾಟರಿ ಸವೆದ ಐಫೋನ್‌ಗಳ ವೇಗವನ್ನು ತಗ್ಗಿಸುತ್ತಿತ್ತು. ಸವೆದ ಬ್ಯಾಟರಿ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲಾರದೆ ಫೋನ್ ದಿಢೀರ್ ಆಫ್ ಆಗುತ್ತಿದ್ದುದನ್ನು ತಡೆಯಲು ಹಾಗೆ ಮಾಡಿದ್ದು. ಆದರೆ ಬಳಕೆದಾರರಿಗೆ ಬಿಡಿಸಿ ಹೇಳಿರಲಿಲ್ಲ. ಆ್ಯಪಲ್ ಅದನ್ನು ಒಪ್ಪಿಕೊಂಡಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಬ್ಯಾಟರಿ ಬದಲಿಸಿದರೆ ವೇಗ ವಾಪಸ್ ಬರುತ್ತಿತ್ತು. ಹಾಗಾಗಿ ಹಳೇ ಫೋನ್ ಆದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ನೋಡಿ.

ಜೊತೆಗೆ ಮೊದಲ ಎರಡು ಮೂರು ದಿನ ಫೋನ್ ಬಿಸಿ ಆಗುವುದು, ಚಾರ್ಜ್ ಬೇಗ ಇಳಿಯುವುದು ಸಾಮಾನ್ಯ. ಫೋಟೋಗಳನ್ನೆಲ್ಲ ಮತ್ತೆ ಓದಿ ಪಟ್ಟಿ ಮಾಡುವುದು, ಆ್ಯಪ್‌ಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸುವುದು ಹಿಂದೆ ನಡೆಯುತ್ತಿರುತ್ತದೆ. ಒಂದು ವಾರ ಆದ ಮೇಲೂ ಹಾಗೇ ಇದ್ದರೆ ಆಗ ಚಿಂತೆ ಮಾಡಿ.

ಹಾಕುವ ದಿನ

ಬ್ಯಾಕಪ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಅದರ ಎರಡು ವಿವರ. ಕ್ಲೌಡ್ ಜೊತೆ ಸಿಂಕ್ ಆಗಿದೆ ಅಂದರೆ ಬ್ಯಾಕಪ್ ಆಗಿದೆ ಅಂತ ಅಲ್ಲ. ಸಿಂಕ್‌ನಲ್ಲಿ ಇಲ್ಲಿ ಅಳಿದದ್ದು ಅಲ್ಲೂ ಅಳಿಯುತ್ತದೆ. ಬೇರೆ ಡಿಸ್ಕ್‌ನಲ್ಲಿ ಒಂದು ಪ್ರತಿ ಇರಲಿ, ತೆಗೆದ ಮೇಲೆ ಡಿಸ್ಕ್ ಕಳಚಿಡಿ. ಕಳಚುವ ಮೊದಲು ಅದರಿಂದ ಒಂದು ಹಳೇ ಫೋಟೋ, ಒಂದು ದಾಖಲೆ ತೆರೆದು ನೋಡಿ. ತೆರೆಯದ ಬ್ಯಾಕಪ್ಪನ್ನು ನಂಬಬೇಡಿ.

ವಿಂಡೋಸ್‌ನಲ್ಲಿ ಡಿಸ್ಕ್‌ಗೇ ಬೀಗ ಹಾಕುವ ಬಿಟ್‌ಲಾಕರ್ ಎಂಬ ಏರ್ಪಾಡು ಆನ್ ಆಗಿದ್ದರೆ, ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ 48 ಅಂಕಿಯ ಒಂದು ಕೀಲಿ ಕೇಳುತ್ತದೆ. ಅದಿಲ್ಲದೆ ಒಳಗಿನ ಒಂದು ಫೈಲೂ ಸಿಗುವುದಿಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಲೀಕರಿಗೆ ಗೊತ್ತಿಲ್ಲದೆ ಆನ್ ಆಗಿರುತ್ತದೆ. ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಡಿ.

ಮಾರನೇ ದಿನ ಮುಖ್ಯ ಕೆಲಸ ಇಲ್ಲದ ದಿನ ನೋಡಿ ಹಾಕಿ. ಚಾರ್ಜರ್ ಚುಚ್ಚಿರಲಿ. 20ರಿಂದ 30 ಜಿಬಿ ಜಾಗ ಖಾಲಿ ಇರಲಿ. ಶೇಕಡಾ 35ರಲ್ಲೋ 74ರಲ್ಲೋ ಅರ್ಧ ಗಂಟೆ ನಿಂತುಬಿಟ್ಟರೆ ಕೈ ಪವರ್ ಬಟನ್ ಕಡೆ ಹೋಗುತ್ತದೆ. ಒತ್ತಬೇಡಿ. ಅಂಕಿ ನಿಂತಿದ್ದರೂ ಒಳಗೆ ಫೈಲ್‌ಗಳು ಓಡಾಡುತ್ತಿರುತ್ತವೆ. ಎರಡು ಮೂರು ಗಂಟೆ ಏನೂ ಬದಲಾಗದೆ ಇದ್ದರೆ ಮಾತ್ರ ಬೇರೆ ಯೋಚನೆ.

ಮುಗಿದ ಮೇಲೆ ಹೊಸ ಬಣ್ಣ, ಹೊಸ ಮೆನು ನೋಡುವ ಮುಂಚೆ ಆ ಹಾಳೆ ತೆಗೆಯಿರಿ. ಒಂದು ಪುಟ ಸ್ಕ್ಯಾನ್ ಮಾಡಿ. ಒಂದು ಪುಟ ಪ್ರಿಂಟ್ ಮಾಡಿ. ಲೆಕ್ಕದ ಪ್ರೋಗ್ರಾಂನಲ್ಲಿ ಹಳೇ ಫೈಲ್ ತೆರೆಯಿರಿ. ಬ್ಯಾಂಕಿನ ಆ್ಯಪ್‌ಗೆ ಲಾಗಿನ್ ಆಗಿ. ವಿಂಡೋಸ್ ಆದರೆ ಕ್ಯಾಲೆಂಡರ್‌ನಲ್ಲಿ ಎಂಟನೇ ದಿನಕ್ಕೆ ಒಂದು ಗುರುತು ಹಾಕಿ. ಅವತ್ತು ಆ ಹಾಳೆಯನ್ನು ಇನ್ನೊಮ್ಮೆ ನೋಡಿ. ಯಾವುದಾದರೂ ನಿಂತಿದ್ದರೆ ಹಿಂದಕ್ಕೆ ಹೋಗಲು ಇನ್ನೂ ಎರಡು ದಿನ ಇರುತ್ತದೆ.